ಬಸಿಗಾಲುವೆಯ ಈಚೆ

ನಾಲ್ಕಡಿ ಗೇಟು ಹಾರುತ್ತಾಳೆ, ಕಲ್ಲುಗೋಡೆ ಹಾರುತ್ತಾಳೆ,
ಗೋಡೆ ಮೇಲೆ ಕೂತ ಕಾಗೆಯನ್ನೂ ಸೇರಿಸಿ ಹಾರುತ್ತಾಳೆ.
ಎರಡು ಮೊಳದ ಬಸಿಗಾಲುವೆ ಕಂಡರೆ ಮಾತ್ರ
ನಾಲ್ಕೂ ಗೊರಸು ನೆಲಕ್ಕೆ ಮೊಳೆ ಹೊಡೆದ ಹಾಗೆ.
ಹೆಸರು ನೆಟಲ್. ತುರಿಕೆ ಸೊಪ್ಪಿನ ಹೆಸರು.
ಮೇಲಕ್ಕೆದ್ದದ್ದಕ್ಕೆ ಹೆದರದವಳು
ಕೆಳಕ್ಕಿಳಿದದ್ದಕ್ಕೆ ಹೆದರುತ್ತಾಳೆ.

ರಾಸ್‌ಕಾಮನ್‌ನ ಈ ಜೌಗಿನಲ್ಲಿ ಹೊಲಕ್ಕೊಂದು ಕಾಲುವೆ;
ಕಾಲುವೆ ದಾಟದ ಕುದುರೆಯೆಂದರೆ ಈಜು ಬಾರದ ಬಾತು.
ಮಾರಿಬಿಡು ಅಂದರು. ಚಾಟಿ ತಗೋ ಅಂದರು.
ಚಾಟಿ ಕಂಡವಳೇ ಅವಳು. ಕಂದು ತೊಡೆಯ ಮೇಲೆ
ಬಿಳಿಗೂದಲು ಹುಟ್ಟಿದ ಮೂರು ಗೆರೆಗಳಿವೆ.
ನನಗೂ ಅವಸರವಿಲ್ಲ. ಮೂವತ್ತೊಂದು ವರ್ಷ ಅಂಚೆ ಹಂಚಿದವನು,
ಈಗ ನನಗೆ ಬರುವುದು ಕರೆಂಟು ಬಿಲ್ಲು ಮಾತ್ರ.

ಮೊದಲ ವಾರ ಅಂಗಳದಲ್ಲಿ ಗೊಬ್ಬರದ ನೀಲಿ ಚೀಲ ಹಾಸಿದೆ.
ಮೂಸಿದಳು, ಬುಸುಗುಟ್ಟಿದಳು, ಮೂರನೇ ದಿನ ತುಳಿದಳು.
ಆಮೇಲೆ ಸನಿಕೆ ಹಿಡಿದು ಹಿತ್ತಲ ಹುಲ್ಲಲ್ಲಿ
ಒಂದು ಗೀರು ಎಳೆದೆ, ಬೆರಳುದ್ದ ಆಳ.
ದಿನಾ ಸಂಜೆ, ಅವಳು ಕಾಣದ ಹಾಗೆ, ಒಂದು ಸನಿಕೆ ಹೆಚ್ಚು.
ತಂಗಿಯ ಮಗಳು ಗ್ರಾನ್ಯ ನಕ್ಕಳು:
"ಮಾಮ, ಕುದುರೆಗೆ ಮೋಸ ಮಾಡ್ತಿದ್ದೀಯ."
ಮೋಸವಲ್ಲ ಕಣೇ, ಕಂತು.
ಹೆದರಿಕೆಯನ್ನು ಕಂತಿನಲ್ಲಿ ತೀರಿಸುವುದು.

ಆಮೇಲೆ ನಿಜವಾದ ಕಾಲುವೆ.
ತಲೆ ತಗ್ಗಿಸಲು ಬಿಡಬೇಕು. ಲಗಾಮು ಬಿಗಿದರೆ
ಅವಳಿಗೆ ಕಾಣುವುದು ಕಪ್ಪು, ತಳ ಕಾಣುವುದಿಲ್ಲ.
ತಳ ಕಾಣದ್ದು ಯಾರಿಗೆ ಬಾಯಲ್ಲ?
ನೋಡಲಿ: ಜೊಂಡು, ನಾಚಿಕೆಗೆಟ್ಟ ಕಪ್ಪೆ, ಯಾರದೋ ಎಡಗಾಲಿನ ಬೂಟು.

ಕಡೆಗೆ ತಿಳಿದದ್ದು ಬೇರೆ. ಅಂಚು ಬಂದಾಗಲೆಲ್ಲ
ಉಸಿರು ಹಿಡಿಯುತ್ತಿದ್ದವನು ನಾನು.
ನನ್ನ ತೊಡೆ ಕಲ್ಲಾದದ್ದು ಜೀನು ದಾಟಿ ಅವಳಿಗೆ ಮುಟ್ಟುತ್ತಿತ್ತು,
ವಿಳಾಸ ತಪ್ಪದ ಕಾಗದದ ಹಾಗೆ.

ಉಸಿರು ಬಿಡಲಿಕ್ಕೆ ಬಾಯಿ ಆಡುತ್ತಿರಬೇಕು. ಹಾಡು ಬಾರದು.
ಹಳೆಯ ಬೀಟು ಒಪ್ಪಿಸತೊಡಗಿದೆ, ಮನೆ ಮನೆಯಾಗಿ:
ಕೆಂಪು ಗೇಟಿನ ಡೆವನಿ. ನಾಯಿ ಬಿಡುವ ಫ್ಯಾಲನ್.
ಬೀಗ ಬಿದ್ದ ಶಾಲೆ. ಸಾಲ ಕೊಟ್ಟವರ ಕಾಗದಕ್ಕೆ
'ತೀರಿಕೊಂಡಿದ್ದಾನೆ' ಎಂದು ಷರಾ ಬರೆಸುತ್ತಿದ್ದ ಟಾರ್ಪಿ;
ಬಾಗಿಲು ತೆರೆಯುತ್ತಿದ್ದದ್ದು ಅವನೇ.
ಕಣ್ಣು ಆಚೆಯ ಮುಳ್ಳುಪೊದೆಯ ಮೇಲೆ,
ಬೆರಳಲ್ಲಿ ಅವಳ ಕತ್ತಿನ ಕೂದಲು,
ತಿರುವಿನಲ್ಲಿ, ಬಾವಿಯ ಪಕ್ಕ, ಮುಲ್—

—ಡೌನಿ.

ಈಚೆಗರ್ಧ, ಆಚೆಗರ್ಧ. ನಡುವೆ ಏನಾಯಿತೆಂದು
ಹೇಳಲು ನಾನು ಅಲ್ಲಿರಲಿಲ್ಲ;
ಟೋಪಿ ಇತ್ತು, ಕಾಲುವೆಯೊಳಗೆ, ಬೂಟಿನ ಪಕ್ಕ.

ನೆಟಲ್ ಹುಲ್ಲು ಮೇಯುತ್ತಾಳೆ, ಏನೂ ಆಗಿಲ್ಲವೆಂಬಂತೆ.
ಗ್ರಾನ್ಯ ಆ ದಡದಲ್ಲಿ ಕುಣಿಯುತ್ತಾಳೆ.
ಹನಿ ಶುರುವಾಯಿತು; ಮನೆ, ಒಲೆ, ಓಟ್ಸು ಎಲ್ಲ ಆ ಕಡೆ.
ತಿರುಗಿಸಿದೆ. ನಿಂತಳು. ನಾಲ್ಕೂ ಗೊರಸು, ಮೊಳೆ.
ಇಲ್ಲಿಂದ ನೋಡಿದರೆ, ನಿಜ, ಅದು ಬೇರೆಯೇ ಕಾಲುವೆ.

ಕೆಂಪು ಗೇಟಿನ ಡೆವನಿ, ಎಂದೆ. ಸಾವಕಾಶವಾಗಿ.