ಬೋಣಿ

ಮತ್ತಿಕೆರೆಯ ನಮ್ಮ ಅಡ್ಡರಸ್ತೆಯಲ್ಲಿ
ಏಪ್ರಿಲ್ ಬಂತೆಂದರೆ ಹೊಂಗೆ ಹೂ ಉದುರುತ್ತದೆ,
ಬಾಚಿದಷ್ಟೂ ಪುರಿ.

ಶಮಾ ತೆಂಗಿನ ಚಿಪ್ಪಿನಲ್ಲಿ ಅಳೆಯುತ್ತಾಳೆ:
‘ಸೇರಿಗೆ ಎರಡೆಲೆ. ಸಾಲ ಇಲ್ಲ.’
ಚಿರಂತನ ಬಳಿ ಇರುವುದು ಒಂದೇ ಎಲೆ.
ಹರಿದು ಎರಡು ಮಾಡಿ ಕೊಡುತ್ತಾನೆ.
ಅವಳು ಬಿಸಿಲಿಗೆ ಹಿಡಿದು ನೋಡಿ
ಗಲ್ಲಾಕ್ಕೆ ಹಾಕಿಕೊಳ್ಳುತ್ತಾಳೆ.

ಹತ್ತೂ ಬೆರಳಿಗೆ ಗುಲ್‌ಮೊಹರ್ ಉಗುರು ಅಂಟಿಸಿಕೊಂಡು
ಡೆಲ್ಫಿನ್ ಹುಲಿಯಾಗಿದ್ದಾಳೆ.
ಮೂಗು ತುರಿಸುತ್ತಿದೆ,
ಉಗುರು ಬಿದ್ದುಹೋದರೆ?
ಗೇಟಿನ ಹತ್ತಿರ ಬಂದು ನನಗೆ ಮುಖ ಒಡ್ಡುತ್ತಾಳೆ.
ಬಟ್ಟೆ ಹಿಂಡುತ್ತಿದ್ದ ಕೈ ಒರೆಸಿಕೊಂಡು
ಹುಲಿಯ ಮೂಗು ತುರಿಸುತ್ತೇನೆ.
‘ಇನ್ನೂ ಸ್ವಲ್ಪ ಮೇಲೆ, ಆಂಟಿ.’

ಮಾರನೆ ಬೆಳಿಗ್ಗೆ
ರಸ್ತೆ ಗುಡಿಸುವ ಚೌಡಮ್ಮ
ಅಂಗಡಿ ಇದ್ದ ಜಾಗವನ್ನು ಸುತ್ತಿ ಹೋಗುತ್ತಾಳೆ,
ಮತ್ತೆ ತಿರುಗಿ ಬಂದು
ಕಸದಿಂದ ಒಂದು ಒಳ್ಳೆ ಎಲೆ ಆರಿಸಿ
ಖಾಲಿ ಚಿಪ್ಪಿನಲ್ಲಿಡುತ್ತಾಳೆ.