ಸಮುದ್ರ ಮಟ್ಟದಿಂದ

ನಮ್ಮ ಜಿಲ್ಲೆಗೆ ರೈಲಿಲ್ಲ. ಇದನ್ನು ಮೊದಲೇ ಹೇಳಬೇಕು.
ಹಳಿ ನೋಡಬೇಕೆಂದರೆ ಘಟ್ಟ ಇಳಿಯಬೇಕು,
ಇಲ್ಲ, ಮೈಸೂರಿಗೆ ಹೋಗಬೇಕು.
ಆದರೆ ಸುಂಟಿಕೊಪ್ಪದಿಂದ ಆರು ಮೈಲಿ,
ಮೊಣ್ಣಪ್ಪನವರ ಬಾಣೆಯ ಮೇಲೆ
ಒಂದು ಸ್ಟೇಷನ್ನಿದೆ.

ಕಟ್ಟಿದ್ದು ಎಂಬತ್ತನಾಲ್ಕರಲ್ಲಿ, ಮದರಾಸಿನವರು.
ನಿಜವಾದ ಸ್ಟೇಷನ್ನಿಗೆ ಅನುಮತಿ ಸಿಗಲಿಲ್ಲವಂತೆ.
ಸಿಲ್ವರ್ ಮರದ ಹಲಗೆ, ಗೋಣಿ, ಪ್ಲಾಸ್ಟರು,
ಎಂಬತ್ತು ಅಡಿ ಹಳಿ. ಅದೂ ಮರದ್ದೇ,
ಅಲ್ಯೂಮಿನಿಯಂ ಬಣ್ಣ ಬಳಿದದ್ದು.
ಬಳಿದವನು ನಾನು, ಲಿಗೋರಿ;
ಅಲ್ಲಿಯವರೆಗೆ ‘ಒಣ ಕಾಫಿ ಕೊಳ್ಳಲಾಗುವುದು’,
‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’,
ಚರ್ಚಿನ ಗೋಡೆಗೆ ವರ್ಷಕ್ಕೊಂದು ವಾಕ್ಯ
ಬರೆದುಕೊಂಡಿದ್ದವನು.

ಹಳದಿ ಹಲಗೆ, ಕಪ್ಪು ಅಕ್ಷರ.
ಡಾರ್ಜಿಲಿಂಗ್ ಎಂದರು. ಬರೆದೆ.
ಬಂಗಾಳಿಯನ್ನು ಚೀಟಿ ನೋಡಿ ಇಳಿಸಿದೆ,
ಜಿಲೇಬಿ ಸುತ್ತಿದ ಹಾಗೆ.
ಕೆಳಗೆ ಸಣ್ಣದಾಗಿ ‘ಸಮುದ್ರ ಮಟ್ಟದಿಂದ’ ಎಂದು ಇರಬೇಕಲ್ಲ?
ಎಷ್ಟು ಎಂದರೆ ಯಾರಿಗೂ ಗೊತ್ತಿಲ್ಲ.
ಏನಾದರೂ ಹಾಕಯ್ಯ ಎಂದರು.
ಕೈ ಏಳಲಿಲ್ಲ.
ಸೈಕಲ್ ತುಳಿದು ಹೋಗಿ ತೋಟದ ಸರ್ವೆಯವನನ್ನು ಕೇಳಿ ಬಂದೆ:
ಸಾವಿರದ ಹನ್ನೆರಡು ಮೀಟರು.

ಪ್ಯಾಕಪ್ ಆಯಿತು. ಕೀಳುವ ಕೂಲಿ ಹೆಚ್ಚೆಂದು
ಹಾಗೇ ಬಿಟ್ಟು ಹೋದರು.
ಮೊಣ್ಣಪ್ಪನವರು ಅದರೊಳಗೆ ಹಂದಿ ಸಾಕಿದರು.
ಮರುವರ್ಷ ಬಂದ ಹೈದರಾಬಾದಿನವರು
ಹಂದಿ ಬಿಡಿಸಿ ಬಾಡಿಗೆ ಕೊಟ್ಟರು.
ಬಾಡಿಗೆ ಎಂಬುದು ಹುಟ್ಟಿದ್ದೇ ತಡ,
ಗೋಣಿಯಿದ್ದಲ್ಲಿ ಇಟ್ಟಿಗೆ ಬಂತು,
ಮರದ ಹಳಿ ಕಬ್ಬಿಣವಾಯಿತು,
ಮೊಯ್ದುವಿನ ಎರಡು ಜೀಪು ಒಂಬತ್ತಾದವು.
ನಾಲ್ಕು ಸಲ ಊಟಿ ಬರೆದೆ, ಎರಡು ಸಲ ರಂಗೂನು,
ಕಾಶ್ಮೀರಕ್ಕೆ ಗುಂಡಿನ ಭಯವಿದ್ದ ವರ್ಷಗಳಲ್ಲಿ
ಕಾಶ್ಮೀರ.

ಆಮೇಲೆ ಬಿಳಿಯರು.
ಸ್ಕಾಟ್ಲೆಂಡಿಗಿಂತ ಸ್ಕಾಟ್ಲೆಂಡಿನ ಹಾಗಿದೆಯಂತೆ,
ಖರ್ಚು ಮಾತ್ರ ಹಾಗಿಲ್ಲವಂತೆ.
ಹೆಸರಿನ ಮೇಲೆ ಹಳದಿ, ಹಳದಿಯ ಮೇಲೆ ಹೆಸರು;
ಹಲಗೆಯಲ್ಲಿ ಈಗ ಬಣ್ಣವೇ ಅರ್ಧ ಬೆರಳು ದಪ್ಪ.
ಕೆಳಗಿನ ಸಾಲು ಮಾತ್ರ ನಾನು ಮುಟ್ಟಲಿಲ್ಲ.
ಯಾರೂ ಕೇಳಲೂ ಇಲ್ಲ.

ಲೈನುಮನೆಯ ಚೋಂದಿ
ಮೊದಲ ಪಿಕ್ಚರಿನಿಂದಲೂ ಪ್ರಯಾಣಿಕಳು.
ದಿನಕ್ಕೆ ಹನ್ನೆರಡು ರೂಪಾಯಿ, ಊಟ. ಈಗ ಆರುನೂರು.
ರಂಗೂನಿನಲ್ಲಿ ಬಾಂಬಿಗೆ ಹೆದರಿ ಕೂತವಳು ಅವಳೇ,
ಸ್ಕಾಟ್ಲೆಂಡಿನಲ್ಲಿ ಕೋಟು ತೊಟ್ಟು
ಬೆನ್ನು ಮಾತ್ರ ಕೊಟ್ಟವಳು ಅವಳೇ.
ಅದೇ ತಗಡಿನ ಪೆಟ್ಟಿಗೆ,
ಒಳಗೆ ವೀಳ್ಯದೆಲೆ, ಹೊಗೆಸೊಪ್ಪು.
ರೈಲು ನೋಡಿಲ್ಲ.
ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ ಎಂದೆ.
‘ನಾನು ಹತ್ತುವುದನ್ನೂ ಸೇರಿಸಿಬಿಡಲಿ’ ಎಂದಳು.

ಹೋದ ಜುಲೈಯಲ್ಲಿ ಮರಳುಗಾಡಿನ ಊರಿನವರು ಬಂದರು.
ದುಡ್ಡಿಗೆ ಬರವಿಲ್ಲ; ಮಳೆ ಬೇಕು.
ಅವರಲ್ಲೂ ಶೂಟಿಂಗಿಗೆ ಲೋಕವೇ ಬರುತ್ತದಂತೆ,
ಅವರ ಮರಳು ಒಮ್ಮೆ ಚಂದ್ರ, ಒಮ್ಮೆ ಮಂಗಳ,
ಒಮ್ಮೆ ಯಾರದೋ ಯುದ್ಧ.
‘ನಮ್ಮೂರು ನಮ್ಮೂರಾಗಿ ಒಂದು ಸಲವೂ ಬಂದಿಲ್ಲ’
ಎಂದಳು ಡೈರೆಕ್ಟರಮ್ಮ, ದುಭಾಷಿಯ ಬಾಯಲ್ಲಿ,
ಬಿಸಿ ಕಾಫಿ ಊದುತ್ತ.
ಹಲಗೆಗೆ ಈ ಜಾಗದ್ದೇ ಹೆಸರು ಬರಿ ಎಂದಳು.

ಏಣಿ ಹತ್ತಿದೆ. ಹಳದಿ ಬಳಿದೆ. ಕುಂಚ ಅದ್ದಿದೆ.
ಪಹಣಿಯಲ್ಲಿ ಇದಕ್ಕೆ ಬರೀ ಸರ್ವೆ ನಂಬರು.
ಮೊಣ್ಣಪ್ಪನವರ ಮಗಳು ಒಂದು ಹೆಸರು ಹೇಳಿದಳು.
ಚೋಂದಿಯವರು ಇದೇ ದಿಬ್ಬಕ್ಕೆ ಹೇಳುವುದು ಇನ್ನೊಂದು;
ಅದರಲ್ಲೊಂದು ಸ್ವರ ನನ್ನ ಯಾವ ಅಕ್ಷರಕ್ಕೂ ಕೂರುವುದಿಲ್ಲ.
ಬಸ್ಸಿನ ಕಂಡಕ್ಟರು ಕೂಗುವುದು:
‘ಸ್ಟೇಷನ್, ಸ್ಟೇಷನ್ ಯಾರ್ರೀ?’

ಕುಂಚದ ತುದಿಯಿಂದ ಕಪ್ಪು ತೊಟ್ಟಿಕ್ಕಿತು.

ಕೆಳಗೆ ರಿಹರ್ಸಲು. ಹೊಗೆ ಬಿಟ್ಟರು.
ಈ ಸಲ ಚೋಂದಿಗೆ ಇಳಿಯುವ ಪಾತ್ರ.
ಬೋಗಿಯ ಬದಲು ಎರಡು ಕಿತ್ತಳೆ ಪೆಟ್ಟಿಗೆ, ಮೇಲೊಂದು ಹಲಗೆ.
ಹೊಗೆಯೊಳಗಿಂದ ಒಂದು ಕಾಲು,
ತಗಡಿನ ಪೆಟ್ಟಿಗೆ,
ಇನ್ನೊಂದು ಕಾಲು.
ನಿಂತಳು. ನಲವತ್ತು ವರ್ಷ ಕಾದು ಕೂತ ಬೆಂಚನ್ನು
ಯಾರದೋ ಬೆಂಚು ನೋಡಿದ ಹಾಗೆ ನೋಡಿದಳು.
ತಲೆಯೆತ್ತಿ, ಏಣಿಯ ಮೇಲಿದ್ದ ನನ್ನನ್ನು ಕೇಳಿದಳು:
‘ಇದು ಯಾವ ಊರು, ಮಾರಾಯ್ರೆ?’

ಕ್ಯಾಮೆರಾ ಓಡುತ್ತಿರಲಿಲ್ಲ.
ಮಳೆ ಹನಿಯತೊಡಗಿತ್ತು.
ಹಲಗೆಯಲ್ಲಿ ಇದ್ದಷ್ಟನ್ನು ಓದಿ ಹೇಳಿದೆ.
ಸಾವಿರದ ಹನ್ನೆರಡು ಮೀಟರು.