ಎಡಕ್ಕ ಹೊಳ್ಳುವಾಗ

ಎಡಕ್ಕ ಹೊಳ್ಳಿದರ ಕುಂಯ್ ಅಂತಿತ್ತು.
ಬಲಕ್ಕಾದರ ಸುಮ್ಮನ.
ಎಂಬತ್ತೇಳರ ಮಟಡೋರ. ಹಿಂದಿನ ಸೀಟು ಕಿತ್ತು
ಒಂದು ಹಾಸಿಗಿ, ಒಂದು ಸ್ಟೋವು, ತೂಕದ ಕಲ್ಲಿನ ಪೆಟ್ಟಿಗಿ,
ಕಿಡಕಿಗೆ ಸಾವಂತ್ರಿಯ ಹಳೇ ಇಳಕಲ್ಲ ಸೀರಿಯ ಪರದೆ.
ಬ್ಯಾಡಗಿ, ಅಣ್ಣಿಗೇರಿ, ಲಕ್ಷ್ಮೇಶ್ವರ:
ಎಲ್ಲಿ ಸಂತಿ ಅಲ್ಲಿ ನಾವು. ನಾನು ತಕ್ಕಡಿ ರಿಪೇರಿಯವ.

ತಕ್ಕಡಿ ಮಂದಿಗೆ ಕಿವಿನ ಬಂಡವಾಳ.
ದಂಡಿಗಿಯ ನಡುವಿನ ಅಲಗು ಸಪ್ಪಳ ಮಾಡಿದರ
ಸುಳ್ಳ ಹೇಳಾಕ ಹತ್ತೈತಿ ಅಂತ ತಿಳಕೋ, ಅಂತಿದ್ದ ಅಪ್ಪ.
ಎಣ್ಣಿ ಮಾತ್ರ ಬಿಡಬ್ಯಾಡ, ಅಂತಿದ್ದ.
ಎಣ್ಣಿ ಧೂಳಿನ ಬೀಗರು;
ಇವತ್ತ ಒಬ್ಬರನ್ನ ಕರದರ ನಾಳೆ ಇಬ್ಬರೂ ಉಣ್ಣಾಕ ಕೂಡತಾರ.
ಮೂವತ್ತು ವರ್ಷ ಒಂದು ಹನಿ ಮುಟ್ಟಿಸಿದವನಲ್ಲ ನಾನು.
ಒರಸೂದು, ಉಜ್ಜೂದು, ಒಣಾ ಇಡೂದು.
ಹಂಗಾಗಿ ಸ್ಟೇರಿಂಗನ್ನೂ ಒರಸಿದೆ,
ಒಂದು ಚಳಿಗಾಲ ಪೂರ್ತಿ ಒರಸಿದೆ.

ನವಲಗುಂದದ ಟಾಯರಿನವ ಬಾಲ್ ಜಾಯಿಂಟ್ ಅಂದ.
ಪೆಟ್ರೋಲ್ ಬಂಕಿನ ಹುಡುಗ ಬಾಗಿಲಿಗೆ ಕಿವಿ ಹಚ್ಚಿ
ಕಾಕಾ, ಒಳಗ ಇಲಿ ಐತಿ, ಅಂದ.
ಇದ್ದರೂ ಇರಬಹುದಂತ ಒಂದು ರಾತ್ರಿ
ಶೇಂಗಾ ಇಟ್ಟು ಕಾದಿವಿ, ನಾನೂ ಸಾವಂತ್ರಿ.
ಮುಂಜಾನೆ ನೋಡಿದರ ಶೇಂಗಾ ಖಾಲಿ.
ತಿಂದಾಕಿ ಯಾರು ಅಂತ ನಾನು ಕೇಳಲಿಲ್ಲ.

ಹುಬ್ಬಳ್ಳಿ, ಕಾರವಾರ ರೋಡು. ಬಾಬಾಜಾನ ಮುಧೋಳ
ಬಾನೆಟ್ಟು ಎತ್ತಲಿಲ್ಲ, ಬುಡಕ ಮಲಗಲಿಲ್ಲ.
ನನ್ನ ಸೀಟಿನಾಗ ಕೂತು, ಕಣ್ಣು ಮುಚ್ಚಿ,
ಚಕ್ರಾನ ಒಂದು ಗೇಣು ತಿರುವಿದ. ಕುಂಯ್.
ಕಂಬದ ಮ್ಯಾಲೆ ಅಂಗೈ ಇಟ್ಟು, ನಾಡಿ ಹಿಡದಾಂಗ,
ಇನ್ನೊಂದು ಗೇಣು.
ಆಮ್ಯಾಲೆ ಹಾರ್ನಿನ ಗುಂಡಿ ಎಬ್ಬಿಸಿ
ನಟ್ಟಿಗೂ ದಂಡಕ್ಕೂ ಒಂದ ಸುಣ್ಣದ ಗೀಟು ಎಳದ,
ಹೊಳ್ಳಿ ಕೂಡಿಸುವಾಗ ಸೊಟ್ಟ ಆಗಬಾರದಂತ.
ಇಪ್ಪತ್ತೆರಡರ ಪಾನಾ, ಎರಡು ಗುದ್ದು.
ಕಿತ್ತ ಚಕ್ರ ನನ್ನ ತೊಡಿ ಮ್ಯಾಲೆ ಇಟ್ಟ,
ಉಂಡು ತೊಳದ ಗಂಗಾಳದಂಗ.

ಅದರ ಬೆನ್ನಿಗೆ ಹಿತ್ತಾಳಿ ಉಂಗುರ,
ಹಾರ್ನಿನ ಕರೆಂಟು ಹಾಯೂ ಉಂಗುರ,
ಒಂದು ಮಗ್ಗಲು ಕರ್ರಗಾಗಿ, ಗೀರು ಬಿದ್ದು.
‘ಇದ ನೋಡ್ರಿ ನಿಮ್ಮ ಇಲಿ.’
ಹಿತ್ತಾಳಿ ಅಂದಮ್ಯಾಲೆ ನನ್ನ ಕೈ ಸುಮ್ಮನಿರತದ?
ನನ್ನ ಪೆಟ್ಟಿಗಿಯ ಸಣ್ಣ ಕಾಗದದಿಂದ ನಾನ ಉಜ್ಜಿದೆ,
ಮುಖ ಕಾಣೂತನಕ.
ಈಗ ಗ್ರೀಸ್, ಅಂದ ಅವ.
ಬ್ಯಾಡ ಅಂದೆ. ಅಪ್ಪನ ಮಾತು ಹೇಳಿದೆ.
ಬಾಬಾಜಾನ ಕೈ ಒರಸಿಕೊಂಡು ಸ್ವಲ್ಪ ವಿಚಾರ ಮಾಡಿದ.
‘ತಕ್ಕಡಿ ನ್ಯಾಯ ಹೇಳೂದು, ಒಣಾ ಇರಲಿ.
ಗಾಡಿ ಯಾರಿಗೆ ನ್ಯಾಯ ಹೇಳಬೇಕ್ರಿ? ಹೊಳ್ಳಿದರ ಸಾಕು.’

ಹಿಂದಿನಿಂದ ಪರದೆ ಸರಿಸಿ ಬಂತು ಒಂದು ಕೈ,
ಕೈಯಾಗ ವ್ಯಾಸಲೀನ್ ಡಬ್ಬಿ, ಸಾವಂತ್ರಿಯ ಒಡದ ಹಿಮ್ಮಡದ್ದು.
‘ಗ್ರೀಸ್ ಅಲ್ಲ ಇದು. ಹಚ್ಚರಿ.’
ಉಗುರಿನ ತುದಿಯಷ್ಟು ಹಚ್ಚಿದ.
ಗೀಟಿಗೆ ಗೀಟು ಕೂಡಿಸಿ ಬಿಗದ.
ರೊಕ್ಕ ಕೇಳಿದರ, ಒಳಗಿಂದ ಅವರವ್ವನ ಕಿರಾಣಿ ತಕ್ಕಡಿ ತಂದ.
ಐವತ್ತು ಗ್ರಾಂ ಎಡಕ್ಕ ವಾಲತಿತ್ತು. ಸರಿ ಮಾಡಿದೆ. ಲೆಕ್ಕ ಮುಗೀತು.

ರಾತ್ರಿ ಶೆರೇವಾಡ ದಾಟಿ, ಕುಂದಗೋಳ ದಾಟಿ,
ಎರೀ ಹೊಲದ ನಡುವ ಹೊಂಟಿವಿ.
ಎಡಕ್ಕ ಹೊಳ್ಳುವಾಗೆಲ್ಲಾ ರೂಢಿಲೆ ಹಲ್ಲು ಕಚ್ಚತೇನಿ,
ಏನೂ ಬರೂದಿಲ್ಲ.
ಹಿಂದ ಸಾವಂತ್ರಿ ದಡಕ್ಕನ ಎದ್ದು ಕೂತಳು.
‘ಎಲ್ಲಿ ಅದೇವಿ?’
ಗುಡಗೇರಿ ಹತ್ರ, ಅಂದೆ.
‘ಕುಂದಗೋಳದಾಗ ಉದ್ದ ಒಂದು, ಗುಡಗೇರಿ ಕೆರಿ ಕಡೆ ತುಂಡ ಎರಡು.
ಅದನ್ನ ಎಣಿಸಿಕೊಂತ ಮಲಗತಿದ್ನಿ ಇಷ್ಟು ವರ್ಷ.’
ಇದು ನನಗ ಗೊತ್ತಿದ್ದಿಲ್ಲ.
ಕಿವಿ ನನ್ನ ಬಂಡವಾಳ ಅಂತ ತಿಳಿದಿದ್ದೆ.

ಹಾಸಿಗಿ ಬಿಟ್ಟು ಮುಂದ ಬಂದು ಕೂತಳು, ಕಾಲು ಮಡಚಿ.
ದೀಪದ ಬೆಳಕಿನಾಗ ಹಿಮ್ಮಡ ನೋಡಿಕೊಂಡಳು.
‘ಡಬ್ಬಿ ಎಲ್ಲಿ?’
ಬಾಬಾಜಾನನ ಪಾನಾದ ಹಲಗಿ ಮ್ಯಾಲೆ
ಮುಚ್ಚಳ ತಗದ ಬಿಟ್ಟು ಬಂದೇವಿ.